ಹಳ್ಳದ ಕರೆಂಟು, ಕಂಬದ ಕರೆಂಟು: ಎರಡನ್ನೂ ಒಂದೇ ಮನೆಗೆ ಕೂಡಿಸುವುದು ಹೇಗೆ?

ಮಲೆನಾಡಿನಲ್ಲಿ ಜುಲೈ ಗಾಳಿಗೆ ಮರ ಬಿದ್ದು ಲೈನು ಹರಿದರೆ ಕರೆಂಟು ಬರಲು ಮೂರು ದಿನವೂ ಆದೀತು, ವಾರವೂ ಆದೀತು. ಅದೇ ಹೊತ್ತಿಗೆ ತೋಟದ ಪಕ್ಕದ ಹಳ್ಳ ಭೋರ್ಗರೆಯುತ್ತಿರುತ್ತದೆ. ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ, ಬಿಸಿಲು ಧಾರಾಳ. ಈ ನೀರು, ಬಿಸಿಲು, ಬ್ಯಾಟರಿ ಮೂರೂ ಸೇರಿ, ಲೈನು ಇದ್ದಾಗ ಅದರ ಜೊತೆಗೆ, ಇಲ್ಲದಾಗ ತಮ್ಮಷ್ಟಕ್ಕೆ ಮನೆ, ಕೊಟ್ಟಿಗೆ, ಅಡಿಕೆ ಶೆಡ್ಡು ನಡೆಸಿದರೆ ಅದೇ ಮೈಕ್ರೋಗ್ರಿಡ್.

ನೀರಿನ ಲೆಕ್ಕ

ಇದನ್ನು ಮಳೆಗಾಲದಲ್ಲಿ ಮಾಡಬೇಡಿ. ಆಗ ಎಲ್ಲ ಹಳ್ಳವೂ ಶರಾವತಿಯೇ. ದೀಪಾವಳಿ ಕಳೆಯಲಿ. ಸಣ್ಣ ಕಟ್ಟ ಹಾಕಿ ನೀರನ್ನೆಲ್ಲ ಪೈಪಿಗೆ ತಿರುಗಿಸಿ, 20 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿ. 4 ಸೆಕೆಂಡ್ ಎಂದರೆ ಸೆಕೆಂಡಿಗೆ 5 ಲೀಟರ್. ಕಟ್ಟದಿಂದ ಟರ್ಬೈನ್ ಕೂರುವ ಜಾಗದವರೆಗಿನ ಇಳಿಜಾರಿನ ಎತ್ತರವನ್ನು ಗಾರೆ ಮೇಸ್ತ್ರಿಗಳ ಮಟ್ಟದ ಪೈಪಿನಿಂದ ಅಳೆಯಿರಿ. ಲೀಟರನ್ನು ಮೀಟರಿನಿಂದ, ಬಂದದ್ದನ್ನು 5ರಿಂದ ಗುಣಿಸಿದರೆ ಸಿಗುವ ವಾಟ್ ಸುಮಾರಾಗಿ ತಿಳಿಯುತ್ತದೆ. ಪುಸ್ತಕದ ಲೆಕ್ಕದಲ್ಲಿ ಈ 5ರ ಜಾಗದಲ್ಲಿ 9.8 ಇರುತ್ತದೆ; ಅರ್ಧದಷ್ಟನ್ನು ಪೈಪು, ಟರ್ಬೈನು, ಜನರೇಟರು ತಿಂದುಹಾಕುತ್ತವೆ.

5 ಲೀಟರ್, 40 ಮೀಟರ್ ಎಂದರೆ 1,000 ವಾಟ್. ಇಷ್ಟೇನಾ ಎನ್ನಬೇಡಿ. ಟರ್ಬೈನು ರಾತ್ರಿಯೂ ತಿರುಗುತ್ತದೆ, ದಿನಕ್ಕೆ 24 ಯೂನಿಟ್. ಅಷ್ಟೇ ವಾಟಿನ ಸೌರ ಫಲಕ ಒಳ್ಳೆ ಬಿಸಿಲಿನಲ್ಲಿ ಕೊಡುವುದು ಸುಮಾರು 4 ಯೂನಿಟ್. ಹಾಗಂತ ಹಳ್ಳ ಪುಕ್ಕಟೆ ದುಡಿಯುವುದಿಲ್ಲ. ಪೈಪಿನ ಬಾಯಿಗೆ ಸಿಕ್ಕಿಕೊಳ್ಳುವ ತರಗೆಲೆಯನ್ನು ಸುರಿಮಳೆಯಲ್ಲೇ ಹೋಗಿ ಬಿಡಿಸಬೇಕು.

ಬ್ಯಾಟರಿಯಲ್ಲಿ ಕೂಡಿಸಿ

ಹಳ್ಳದ ಕರೆಂಟನ್ನು ನೇರವಾಗಿ ಲೈನಿಗೆ ಸೇರಿಸಬೇಕಾದರೆ ವೋಲ್ಟೇಜು, 50 ಹರ್ಟ್ಸ್ ಆವರ್ತನ, ಅಲೆಯ ಏರಿಳಿತ ಮೂರೂ ಕ್ಷಣಕ್ಷಣಕ್ಕೂ ತಾಳೆಯಾಗಬೇಕು. ಮನೆಮಟ್ಟಿಗೆ ಆ ಗೋಜು ಬೇಡ. ಟರ್ಬೈನಿನ ಕರೆಂಟನ್ನು ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಮಾಡಿ ಬ್ಯಾಟರಿಗೆ ಕೊಡಿ, ಸೌರ ಫಲಕದ್ದೂ ಅಲ್ಲಿಗೇ ಬರಲಿ. ಅದನ್ನು ಮನೆಗೆ ಬೇಕಾದ ಎಸಿ ಮಾಡುವುದು, ಲೈನಿನ ಜೊತೆ ತಾಳೆ ಹಾಕುವುದು ಹೈಬ್ರಿಡ್ ಇನ್ವರ್ಟರಿನ ಕೆಲಸ.

ಬ್ಯಾಟರಿ ತುಂಬಿದ ಮೇಲೆ ಫಲಕವನ್ನು ಸುಮ್ಮನೆ ಕಡಿದುಬಿಡಬಹುದು, ಟರ್ಬೈನನ್ನು ಹಾಗೆ ಬಿಡುವಂತಿಲ್ಲ. ಹೊರೆ ತಪ್ಪಿದರೆ ಅದು ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡುತ್ತದೆ, ವೋಲ್ಟೇಜು ಏರಿ ಉಪಕರಣ ಸುಡುತ್ತದೆ. ಹೆಚ್ಚಾದ ಕರೆಂಟನ್ನು ಹೀಟರಿಗೆ ತಿರುಗಿಸುವ ಲೋಡ್ ಕಂಟ್ರೋಲರ್ ಕಡ್ಡಾಯ. ಆ ಹೀಟರನ್ನು ಬಚ್ಚಲಿನ ನೀರಿನ ಟ್ಯಾಂಕಿಗೆ ಇಳಿಸಿದರೆ ಸ್ನಾನದ ನೀರೂ ಆಯಿತು.

ಲೈನಿನ ಬಾಗಿಲು

ಇಲ್ಲಿ ತಪ್ಪಿದರೆ ಜೀವವೇ ಹೋಗುತ್ತದೆ. ನಮ್ಮೂರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 11,000 ವೋಲ್ಟನ್ನು ಇಳಿಸಿ ಮನೆಗೆ 230 ಕೊಡುತ್ತದೆ. ಲೈನು ಸತ್ತಾಗ ನಿಮ್ಮ ಮನೆಯ 230 ಹಿಮ್ಮುಖವಾಗಿ ಟಿಸಿಗೆ ನುಗ್ಗಿದರೆ ಅದೇ ಯಂತ್ರ ಅದನ್ನು 11,000ದತ್ತ ಏರಿಸುತ್ತದೆ. ಕಂಬದ ಮೇಲೆ ಲೈನ್‌ಮನ್ ಇರುತ್ತಾನೆ. ಅದಕ್ಕಾಗಿಯೇ ಲೈನಿಗೆ ಕೂಡುವ ಇನ್ವರ್ಟರು ಲೈನು ಹೋದ ಕೂಡಲೇ ಅತ್ತ ಕರೆಂಟು ಕಳಿಸುವುದನ್ನು ನಿಲ್ಲಿಸಬೇಕು. ಇದು ಇನ್ವರ್ಟರಿನ ಪ್ರಮಾಣಪತ್ರದಲ್ಲಿ ಇರಲೇಬೇಕು, ಅಂಗಡಿಯವರ ಬಾಯಿಮಾತು ಸಾಲದು. ಬ್ಯಾಟರಿಯಿಲ್ಲದ ಮಾಮೂಲಿ ಸೌರ ವ್ಯವಸ್ಥೆ ಲೈನು ಹೋದಾಗ ನಡುಹಗಲಲ್ಲೂ ಮಲಗುವುದಕ್ಕೆ ಇದೇ ಕಾರಣ. ಹೈಬ್ರಿಡ್ ಆದರೆ ಮೊದಲು ಲೈನಿನಿಂದ ಬೇರ್ಪಟ್ಟು, ಆಮೇಲೆ ಮನೆಯನ್ನಷ್ಟೇ ನಡೆಸುತ್ತದೆ. ಹೀಗೆ ಬೇರ್ಪಟ್ಟಾಗ ನ್ಯೂಟ್ರಲ್‌ಗೆ ಅರ್ತಿಂಗ್ ಎಲ್ಲಿಂದ ಎಂಬುದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದಲೇ ಗಟ್ಟಿ ಮಾಡಿಕೊಳ್ಳಿ.

ಕಾಗದಪತ್ರ ಹೆಚ್ಚೇನಿಲ್ಲ. 2003ರ ವಿದ್ಯುತ್ ಕಾಯ್ದೆಯಂತೆ ಸ್ವಂತ ಬಳಕೆಗೆ ವಿದ್ಯುತ್ ತಯಾರಿಸಲು ಲೈಸೆನ್ಸ್ ಬೇಕಿಲ್ಲ. ಲೈನಿಗೆ ಕೂಡಿಸಲು ಮಾತ್ರ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಒಪ್ಪಿಗೆ ಬೇಕು, ಮೀಟರೂ ಬದಲಾಗಬೇಕು.

ಲೈನಿನ ಉಸಾಬರಿಯೇ ಬೇಡ ಎನ್ನುವವರಿಗೆ ಬಿಹಾರದ ಧರ್ನೈ ನೆನಪಿರಲಿ. 2014ರಲ್ಲಿ ಅಲ್ಲಿ 100 ಕಿಲೋವಾಟಿನ ಸೌರ ಮೈಕ್ರೋಗ್ರಿಡ್ ಬಂತು. ಆಮೇಲೆ ಅಗ್ಗದ ಸರ್ಕಾರಿ ಕರೆಂಟು ಬಂತು, ಬ್ಯಾಟರಿಗಳು ಸತ್ತವು, ಊರಿನ ವ್ಯವಸ್ಥೆ ಮೂಲೆ ಸೇರಿತು.

ಎಲ್ಲ ಮುಗಿದ ಮೇಲೆ ಲೈನು ಇರುವ ದಿನವೇ ಮೇನ್ ಸ್ವಿಚ್ ಇಳಿಸಿ. ಮನೆಯೊಳಗೆ ಫ್ರಿಜ್ಜು ನಡೆಯುತ್ತಿರುವಾಗ ಎಲೆಕ್ಟ್ರಿಷಿಯನ್ ಮೇನ್ ಸ್ವಿಚ್ಚಿನ ಇನ್ವರ್ಟರ್ ಕಡೆಯ ತುದಿಗೆ ಮೀಟರ್ ಹಿಡಿಯಲಿ. ಅಲ್ಲಿ ಸೊನ್ನೆ ತೋರಿಸಬೇಕು.