ಒಂದು ಬ್ಯಾಟರಿ, ಒಂದು ಹೊಟ್ಟಿನ ಒಲೆ, ಹನ್ನೊಂದು ದಿನ

ಕರೆಂಟ್ ಹೋದರೆ ಇನ್ವರ್ಟರ್ ಇಲ್ಲದೆ ಮನೆ ನಡೆಯೋದಿಲ್ಲ ಅಂತ ನಮ್ಮೂರಲ್ಲಿ ಎಲ್ಲರೂ ಹೇಳಿದ್ದರು. ನಡೆಯಿತು. 2019ರ ಆಗಸ್ಟಿನಲ್ಲಿ ಹನ್ನೊಂದು ದಿನ ನಡೆಯಿತು, ಅದೂ ಇನ್ವರ್ಟರ್ ಬಿಚ್ಚಿ ಅಟ್ಟಕ್ಕೆ ಹಾಕಿದ ಮೇಲೆ.

ನಮ್ಮದು ಗಂಗಾವತಿ ತಾಲ್ಲೂಕು, ತುಂಗಭದ್ರೆ ದಂಡೆಯ ಊರು. ಮನೆ ಊರೊಳಗಿಲ್ಲ, ಗದ್ದೆಯ ಮಗ್ಗುಲಲ್ಲಿದೆ. ಡ್ಯಾಮಿನಿಂದ ಹೊಳೆಗೆ ಜಾಸ್ತಿ ನೀರು ಬಿಟ್ಟರೆ ಮೊದಲು ಕಂಪ್ಲಿ ಸೇತುವೆ ಮುಳುಗುತ್ತದೆ, ಆಮೇಲೆ ನಮ್ಮ ಪಂಪ್‌ಸೆಟ್ಟು, ಆಮೇಲೆ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್. ಕೆಸರಲ್ಲಿ ಕಂಬ ವಾಲಿದರೆ ನೀರು ಇಳಿಯೋವರೆಗೆ ಲೈನ್‌ಮ್ಯಾನ್ ಕೂಡ ಏನೂ ಮಾಡೋಕಾಗಲ್ಲ.

2009ರ ಅಕ್ಟೋಬರ್ ಮೊದಲ ವಾರದ ಮಳೆಯನ್ನು ಈ ಕಡೆಯವರು ಯಾರೂ ಮರೆತಿಲ್ಲ. ಮಂತ್ರಾಲಯವೇ ಮುಳುಗಿತ್ತು. ಆಗ ನಮ್ಮ ಹತ್ತಿರ ಇದ್ದದ್ದು ಎರಡು ಲಾಟೀನು, ಐದು ಲೀಟರ್ ಸೀಮೆಎಣ್ಣೆ. ನಾಲ್ಕನೇ ದಿನಕ್ಕೆ ಎಣ್ಣೆ ಮುಗಿಯಿತು. ಪಕ್ಕದ ಹೊಲದವರು ಜನರೇಟರ್ ತಂದಿಟ್ಟರು, ಆದರೆ ಬಂಕಿನಲ್ಲೂ ಕರೆಂಟ್ ಇಲ್ಲ ಅಂದಮೇಲೆ ಪೆಟ್ರೋಲ್ ಎಲ್ಲಿಂದ ಬರಬೇಕು? ಫೋನು ಸತ್ತಿತ್ತು. ಸಿರುಗುಪ್ಪ ಕಡೆ ಕೊಟ್ಟ ತಂಗಿ ಹೇಗಿದ್ದಾಳೆ ಅಂತ ಗೊತ್ತಾಗದೆ ಅವ್ವ ಆರು ದಿನ ಸರಿಯಾಗಿ ಊಟ ಮಾಡಲಿಲ್ಲ. ಒಂದು ಫೋನು ಚಾರ್ಜ್ ಮಾಡೋಕೆ ಆಗಲಿಲ್ಲವಲ್ಲ ಅನ್ನೋದು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಮೊದಲ ಪ್ರಯತ್ನ ಟ್ರ್ಯಾಕ್ಟರ್ ಬ್ಯಾಟರಿಗೆ ಇನ್ವರ್ಟರ್ ಕಟ್ಟಿದ್ದು. ಎರಡು ರಾತ್ರಿ ಚೆನ್ನಾಗಿ ಉರಿಯಿತು, ಮೂರನೇ ಬೆಳಿಗ್ಗೆ ಟ್ರ್ಯಾಕ್ಟರ್ ಸ್ಟಾರ್ಟೇ ಆಗಲಿಲ್ಲ. ಹೀಗೆ ಮೂರು ನಾಲ್ಕು ಸಲ ಪೂರ್ತಿ ಇಳಿಸಿದ್ದಕ್ಕೆ ಬ್ಯಾಟರಿ ಹೋಯಿತು, ಸುಮಾರು ಆರು ಸಾವಿರ ಮಣ್ಣಾಯಿತು. ಸ್ಟಾರ್ಟ್ ಮಾಡೋ ಬ್ಯಾಟರಿ ಬೇರೆ, ರಾತ್ರಿಯೆಲ್ಲ ದುಡಿಯೋ ಬ್ಯಾಟರಿ ಬೇರೆ. ಎಲ್ಲರಿಗೂ ಗೊತ್ತಿರೋ ಮಾತೇ, ಆದರೂ ಕೈ ಸುಟ್ಟುಕೊಂಡ ಮೇಲೇ ತಲೆಗೆ ಇಳಿಯೋದು. ಆಮೇಲೆ ರಾತ್ರಿಯೆಲ್ಲ ದುಡಿಯೋ ಜಾತಿಯ ಹಳೇ ಟ್ಯೂಬುಲರ್ ಬ್ಯಾಟರಿ ತಂದೆ. ಆಗಲೂ ಲೆಕ್ಕ ಕೂಡಲಿಲ್ಲ, ಉರಿಸಿದ್ದಕ್ಕಿಂತ ಜಾಸ್ತಿ ಇಳಿಯುತ್ತಿತ್ತು. ಒಂದು ದಿನ ಎಲ್ಲ ಬಲ್ಬು ಆರಿಸಿ, ಇನ್ವರ್ಟರ್ ಮಾತ್ರ ಆನ್ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಬ್ಯಾಟರಿ ಇಳಿದಿದೆ! ಕಳ್ಳ ಸಿಕ್ಕಿದ. ಸುಮ್ನೆ ಆನ್ ಇದ್ದರೂ ಅದು ಕುಡೀತಾನೇ ಇರುತ್ತದೆ.

ಅವತ್ತೇ ಇನ್ವರ್ಟರ್ ಬಿಚ್ಚಿದೆ. ಎಲ್ಲವೂ ಬ್ಯಾಟರಿಯಿಂದ ನೇರ 12 ವೋಲ್ಟ್. ನಮ್ಮ ಮಾವ ಬಂದು ನೋಡಿ, "ಏನೋ ಇದು, ಮನಿ ತುಂಬಾ ವೈರು! ಒಂದು ಜನರೇಟರ್ ತಗೋ, ಸುಮ್ನಿರು" ಅಂದರು. ಜನರೇಟರಿಗೆ ಆಗ ಅಂಗಡಿಯಲ್ಲಿ ಹೇಳಿದ್ದು ಇಪ್ಪತ್ತೆಂಟು ಸಾವಿರ. ನನಗೆ ಎಲ್ಲ ಸೇರಿ ಬಿದ್ದದ್ದು ಎಂಟು ಸಾವಿರದ ಆಸುಪಾಸು: ನೂರು ವಾಟಿನ ಸೆಕೆಂಡ್ ಹ್ಯಾಂಡ್ ಸೋಲಾರ್ ಪ್ಯಾನೆಲ್ಲಿಗೆ ಎರಡು ಸಾವಿರದ ಇನ್ನೂರೋ ಏನೋ, 80 ಆಂಪಿಯರ್ ಅವರ್‌ನ ಹಳೇ ಬ್ಯಾಟರಿಗೆ ಮೂರೂವರೆ ಸಾವಿರ, ಪ್ಯಾನೆಲ್ಲಿನಿಂದ ಬ್ಯಾಟರಿ ಅತಿಯಾಗಿ ತುಂಬದಂತೆ ನೋಡಿಕೊಳ್ಳೋ ಚಾರ್ಜ್ ಕಂಟ್ರೋಲರ್ ಐನೂರು ಚಿಲ್ಲರೆ, ಉಳಿದದ್ದು ವೈರು, ಬಲ್ಬು, ಬ್ಯಾಟರಿಯಲ್ಲೇ ತಿರುಗೋ ಒಂದು ಡಿಸಿ ಫ್ಯಾನು.

ವೈರಿನಲ್ಲೂ ಒಂದು ಸಲ ಎಡವಿದೆ. ತೆಳ್ಳಗಿನ ವೈರು ಎಳೆದಿದ್ದಕ್ಕೆ ಅಡುಗೆಮನೆ ಬಲ್ಬು ಮಿಣಮಿಣ ಅಂತಿತ್ತು. 12 ವೋಲ್ಟಿನಲ್ಲಿ ದೂರ ಹೋದಷ್ಟೂ ವೋಲ್ಟೇಜ್ ದಾರಿಯಲ್ಲೇ ಉದುರುತ್ತದೆ. ಅದನ್ನ ಕಿತ್ತು 4 ಸ್ಕ್ವೇರ್ ಎಂಎಂನ ದಪ್ಪ ವೈರು ಹಾಕಿದೆ, ಬಲ್ಬು ಬೆಳ್ಳಗೆ ಉರಿಯಿತು.

2019ರ ಆ ಆಗಸ್ಟಿನಲ್ಲಿ ಹಂಪಿ ಎದುರಿನ ವಿರುಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರ್ ತಂದು ಹೊರಗೆ ತೆಗೆದರಲ್ಲ, ಅದೇ ವಾರ ನಮ್ಮ ಟಿಸಿ ನೀರಲ್ಲಿ ನಿಂತಿತು. ಮೋಡ ಕವಿದಿದ್ದರಿಂದ ಪ್ಯಾನೆಲ್ ಕೊಟ್ಟದ್ದು ಬಿಸಿಲಿನ ದಿನದ ಮೂರರಲ್ಲಿ ಒಂದು ಪಾಲು ಅಷ್ಟೇ. ಮೂರು ಬಲ್ಬು, ಎರಡು ಫೋನು, ಅವ್ವನ ಮಂಚದ ಹತ್ತಿರ ಫ್ಯಾನು. ಬಾಗಿಲ ಹಿಂದೆ ಪುಟ್ಟ ವೋಲ್ಟ್ ಮೀಟರ್ ತೂಗುಹಾಕಿದ್ದೆ. ಪೂರ್ತಿ ತುಂಬಿದ್ದರೆ ಅದು 12.6, 12.7 ತೋರಿಸುತ್ತದೆ. 12.2ಕ್ಕೆ ಬಂತು ಅಂದರೆ ಫ್ಯಾನ್ ಬಂದ್. 12ಕ್ಕೆ ಬಂದರೆ ಒಂದೇ ಬಲ್ಬು, ಫೋನು. ನನ್ನ ಎಂಟು ವರ್ಷದ ಮಗಳು ದಿನಾ ಸಂಜೆ ಅದನ್ನ ನೋಡಿ ಗೋಡೆ ಮೇಲೆ ಇದ್ದಿಲಲ್ಲಿ ಬರೆಯುತ್ತಿದ್ದಳು. ಆ ಅಂಕಿಗಳನ್ನು ಇನ್ನೂ ಸುಣ್ಣ ಬಳಿದು ಅಳಿಸಿಲ್ಲ. ಏಳನೇ ದಿನ 12.1 ಅಂತ ಇದೆ, ಅದಕ್ಕಿಂತ ಕೆಳಗೆ ಒಂದು ದಿನವೂ ಇಳಿಯಲಿಲ್ಲ. ತಂಗಿಗೆ ದಿನಾ ಫೋನ್ ಮಾಡಿದೆವು.

ಇನ್ನು ಒಲೆ. ಸೇತುವೆ ಬಂದ್ ಆದರೆ ಸಿಲಿಂಡರ್ ಗಾಡಿ ಬರಲ್ಲ, ಕಟ್ಟಿಗೆ ಹಸಿ. ಆದರೆ ಗಂಗಾವತಿ ಸುತ್ತ ರೈಸ್ ಮಿಲ್ಲಿಗೇನು ಕಮ್ಮಿ? ಭತ್ತದ ಹೊಟ್ಟು ಬೇಕಾದಷ್ಟಿದೆ. ಹದಿನೈದು ಕೆಜಿ ಎಣ್ಣೆ ಡಬ್ಬಿ, ಕೆಳಗೆ ಒಂದು ಪಕ್ಕಕ್ಕೆ ತೂತು, ನಡುವೆ ಬಾಟಲಿ ನಿಲ್ಲಿಸಿ ತೂತಿನಿಂದ ಒಂದು ಪೈಪು ಅಡ್ಡ ಇಟ್ಟು, ಸುತ್ತ ಹೊಟ್ಟು ತುಂಬಿ ಗಟ್ಟಿಯಾಗಿ ಜಡಿದು, ಎರಡನ್ನೂ ಮೆಲ್ಲಗೆ ಎಳೆದು ಕೆಳಗಿಂದ ಬೆಂಕಿ. ಮೊದಲ ಹತ್ತು ನಿಮಿಷ ಹೊಗೆ, ಹೊರಗೇ ಹಚ್ಚಬೇಕು. ಆಮೇಲೆ ಒಂದೂವರೆ ಗಂಟೆ ನೀಲಿ ಬೆರೆತ ಉರಿ, ನಡುವೆ ಮುಟ್ಟೋ ಹಾಗೇ ಇಲ್ಲ. ಮೊದಮೊದಲು ಅರ್ಧಕ್ಕೇ ಕುಸಿದು ಆರಿಹೋಗುತ್ತಿತ್ತು. ಈಗ ಹೊಟ್ಟಿಗೆ ಇನ್ನೊಂದು ಹಿಡಿ ಬೇರೆ ಏನೋ ಬೆರೆಸುತ್ತೇನೆ, ಕುಸಿಯೋದಿಲ್ಲ. ಅದೇನು ಅಂತ ಮಾತ್ರ ಕೇಳಬೇಡಿ, ಎರಡು ಮಳೆಗಾಲ ಒದ್ದಾಡಿ ಕಂಡುಕೊಂಡದ್ದು ಅದು. ಹೊಟ್ಟಿಗೆ ತೇವ ತಾಗಬಾರದು, ಗೊಬ್ಬರದ ಚೀಲದ ಒಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ ಹಾಕಿ ಕಟ್ಟಿಡಿ.

ಊಟದ ಜವಾಬ್ದಾರಿ ಅವ್ವನದು. ನೂರಿಪ್ಪತ್ತು ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿ. ಮಳೆಗೆ ರೊಟ್ಟಿ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ ಅನ್ನೋ ಭಯ ಇತ್ತು. ಅವ್ವ ದಿನಾ ಒಲೆ ಆರಿದ ಮೇಲೆ ಅದರ ಕಾವಿಗೆ ಬುಟ್ಟಿ ತಂದಿಡುತ್ತಿದ್ದಳು. ಒಂದು ರೊಟ್ಟಿಯೂ ಕೆಡಲಿಲ್ಲ.

ನೀರಿಗೆ ಪಟಕ (ಆಲಮ್ ಕಲ್ಲು) ತಿರುವಿ, ರಾತ್ರಿ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ ಕುದಿಸಿದೆವು. ನುಗ್ಗೆ ಬೀಜ ಕುಟ್ಟಿ ಹಾಕಿಯೂ ನೋಡಿದೆ. ಕೆಂಪು ನೀರು ಚೆನ್ನಾಗಿ ತಿಳಿಯಾಯಿತು, ಆದರೆ ಮಾರನೇ ದಿನಕ್ಕೆ ವಾಸನೆ. ಅವತ್ತವತ್ತಿಗೆ ಬಳಸೋದಾದರೆ ಪರವಾಗಿಲ್ಲ. ಕಾಕಾನ ಇನ್ಸುಲಿನ್ ಇಡೋಕೆ ಮಡಿಕೆಯೊಳಗೆ ಮಡಿಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿದೆ. ಏಪ್ರಿಲ್ ಬಿಸಿಲಲ್ಲಿ ಪರೀಕ್ಷೆ ಮಾಡಿದಾಗ ಹೊರಗಿಗಿಂತ ಎಂಟು ಹತ್ತು ಡಿಗ್ರಿ ತಂಪಿತ್ತು. ಆಗಸ್ಟಿನ ಹಸಿ ಗಾಳಿಯಲ್ಲಿ ಮೂರು ಡಿಗ್ರಿಯೂ ಸಿಗಲಿಲ್ಲ. ಆದರೆ ಆಗ ಹೊರಗೂ ಅಂಥ ಸೆಕೆ ಇರಲಿಲ್ಲ, ಔಷಧಿ ಉಳಿಯಿತು.

ಆಮೇಲೂ ಮಾವ "ಅದೊಂದ್ ಸಲ ನಡೀತು" ಅಂತಲೇ ಇದ್ದರು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು ಅನ್ನೋ ಸುದ್ದಿ ಬಂದಾಗ ದಂಡೆಯ ಊರೆಲ್ಲ ಎದ್ದು ಕೂತಿತ್ತು. ನಾನು ಮೀಟರ್ ನೋಡಿದೆ, 12.6. ಬೆಳಿಗ್ಗೆ ಆರಕ್ಕೇ ಮಾವ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಚೀಟಿ, ಪೆನ್ನು. "ಆ ವೈರು ಎಷ್ಟು ದಪ್ಪಂದು ಅಂದಿಯಪ್ಪಾ?"