ಕೂಡದ ತೋಳಿಗೆ ಕಾಲಿನ ಮೂಳೆ: ನನ್ನ ಅನುಭವ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನನ್ನ ಹತ್ತಿರ ಬರುವ ಮುರಿದ ಹ್ಯೂಮರಸ್ (ತೋಳಿನ ಮೂಳೆ) ಕೇಸ್‌ಗಳಲ್ಲಿ ಹೊಸದು ಕಡಿಮೆ. ಮೊದಲು ನೇಲ್ (ಮೂಳೆಯೊಳಗೆ ಕೂರಿಸುವ ಸರಳು), ಆಮೇಲೆ ಪ್ಲೇಟ್, ನಡುವೆ ಊರಿಗೆ ಹೋಗಿ ನಾಟಿ ವೈದ್ಯರ ಕಟ್ಟು. ಎಲ್ಲ ಮುಗಿದೂ ಮೂಳೆ ಕೂಡದೆ ಹೋದ ಮೇಲೆ ಬರುತ್ತಾರೆ. ಕುಂದಾಪುರ ಕಡೆಯ ಹೋಟೆಲ್ ಕೆಲಸದವರೇ ಜಾಸ್ತಿ.

ಹಳೆ ಪ್ಲೇಟ್ ಬಿಚ್ಚಲು ಹೋದರೆ ಸ್ಕ್ರೂ ಬೆರಳಿಗೇ ಬರುತ್ತದೆ. ಮೂಳೆಯೊಳಗೆ ಏನೂ ಉಳಿದಿರುವುದಿಲ್ಲ. ಅಂಥದ್ದಕ್ಕೆ ಇನ್ನೂ ಉದ್ದದ ಪ್ಲೇಟ್ ಹಾಕಿ, ಸೊಂಟದ ಮೂಳೆ ತುಂಬಿದರೂ ಕೆಲವು ಮತ್ತೆ ಸಡಿಲಾದವು. ಆಮೇಲೆ ಫಿಬುಲಾ (ಮೊಣಕಾಲ ಕೆಳಗಿನ ತೆಳು ಮೂಳೆ) ತೆಗೆದು ತೋಳಿನ ಮೂಳೆಯೊಳಗೆ ಕೂರಿಸಲು ಶುರು ಮಾಡಿದೆ. "ಕೈ ಸರಿ ಮಾಡೋಕೆ ಕಾಲು ಕೊಯ್ಯೋದಾ ಸರ್?" ಅಂತ ಅನಸ್ತೇಶಿಯಾದವರು ನಕ್ಕರು. ಈಗ ಅವರೇ ತಮ್ಮ ಅತ್ತೆಯನ್ನು ಕಳಿಸಿದ್ದಾರೆ! ಪುಣೆಯ ಗೆಳೆಯನೊಬ್ಬ ಇಲಿಜರೋವ್ ರಿಂಗ್ (ತೋಳಿನ ಹೊರಗೆ ತಂತಿಗಳಿಂದ ಬಿಗಿಯುವ ಬಳೆಗಳು) ಹಾಕು ಅಂದ. ಕೀವಿದ್ದರೆ ನಾನೂ ರಿಂಗೇ ಹಾಕುತ್ತೇನೆ. ಆದರೆ ಅದನ್ನು ತೊಟ್ಟು ಬೆಳಗಿನ ಲೋಕಲ್ ಹತ್ತುವುದು ಸಾಧ್ಯವಾ?

ನಡುಭಾಗದ ಎಂಟು-ಹತ್ತು ಸೆಂ.ಮೀ. ಫಿಬುಲಾ ಸಾಕು. ಪಾದದ ಕೀಲಿನ ಕಡೆ ಏಳೆಂಟು ಸೆಂ.ಮೀ. ಬಿಡಲೇಬೇಕು. ತೋಳಿನ ತುದಿಗಳನ್ನು ರಕ್ತ ಜಿನುಗುವವರೆಗೆ ಕೆರೆಯಿರಿ. ಎರಡು ಸೆಂ.ಮೀ. ಗಿಡ್ಡವಾದರೆ ತೋಳಿಗೆ ಗೊತ್ತೇ ಆಗುವುದಿಲ್ಲ. ಮಣಿಕಟ್ಟು ಎತ್ತಿಸುವ ರೇಡಿಯಲ್ ನರವನ್ನು ಗಾಯದ ಗಂಟಿನಲ್ಲಿ ಹುಡುಕಬೇಡಿ, ಚೆನ್ನಾಗಿರುವ ಜಾಗದಿಂದ ಹಿಡಿದುಕೊಂಡು ಬನ್ನಿ. 4.5 ಮಿ.ಮೀ. ಲಾಕಿಂಗ್ ಪ್ಲೇಟ್‌ನ (ಸ್ಕ್ರೂ ಪ್ಲೇಟಿಗೇ ಬಿಗಿಯುವ ಬಗೆ) ಸ್ಕ್ರೂ ಫಿಬುಲಾವನ್ನೂ ದಾಟಿದರೆ ನಾಲ್ಕು ಕಾರ್ಟೆಕ್ಸ್ (ಮೂಳೆಯ ಗಟ್ಟಿ ಹೊರಪದರ) ಸಿಗುತ್ತದೆ. ಆ ಬಿಗಿತ ಕೈಗೇ ತಿಳಿಯುತ್ತದೆ. ಫಿಬುಲಾವನ್ನು ಎರಡೂ ತುದಿಗೆ ಹೇಗೆ ಜಾರಿಸುತ್ತೇನೆ ಅನ್ನುವುದನ್ನು ಬರೆಯುವುದಿಲ್ಲ. ಆಪರೇಷನ್ ಥಿಯೇಟರ್‌ಗೆ ಬಂದು ನೋಡಿ.

ದುಡ್ಡಿನ ಮಾತು. ಎಲ್ಲ ಸೇರಿ ಎಂಬತ್ತು-ತೊಂಬತ್ತು ಸಾವಿರ. ಬಿಎಂಪಿ (ಮೂಳೆ ಬೆಳೆಸುವ ಪ್ರೋಟೀನ್) ತರಿಸಿದರೆ ಅದೊಂದೇ ಬಿಲ್ಲನ್ನು ಎಲ್ಲೋ ಒಯ್ಯುತ್ತದೆ. ಫಿಬುಲಾಗೆ ಕಾಸಿಲ್ಲ. ನಡುವೆ ಪಿಆರ್‌ಪಿ (ರೋಗಿಯದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ದ್ರವ) ಚುಚ್ಚಿ ನೋಡಿದೆ. ಕಿಟ್ಟಿಗೆ ಸಾವಿರಗಟ್ಟಲೆ ಹೋಯಿತು, ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಸೊಂಟದಿಂದ ಮಜ್ಜೆ ಎಳೆದು ಬಿಟ್ಟಾಗ, ಸಂದಿಲ್ಲದೆ ಗಟ್ಟಿಯಾಗಿ ಕೂತಿದ್ದ ಒಂದೆರಡು ಕೂಡಿದವು. ಉಳಿದವಕ್ಕೆ ಸುಮ್ನೆ ಚುಚ್ಚಿದ್ದು.

ಮೂಳೆ ಕೂಡಲು ಅಡ್ಡಿಯಾಗುವ ಗುಟ್ಕಾ ಮಹಾರಾಷ್ಟ್ರದಲ್ಲಿ 2012ರಲ್ಲೇ ನಿಷೇಧ ಆಗಿದೆ, ಜೇಬಿನಲ್ಲಿ ಮಾತ್ರ ಇದ್ದೇ ಇರುತ್ತದೆ. ಆರು ವಾರ ಅದನ್ನು ಬಿಟ್ಟು ಬಂದರೇ ಆಪರೇಷನ್‌ಗೆ ತಾರೀಖು ಕೊಡುತ್ತೇನೆ. ಹಗಲೆಲ್ಲ ಅಡುಗೆಮನೆಯಲ್ಲಿರುವವರಿಗೆ ವಿಟಮಿನ್ ಡಿ ಹತ್ತರ (ng/mL) ಕೆಳಗೇ. ಅದನ್ನೂ ಮೊದಲೇ ಏರಿಸಿಕೊಳ್ಳುತ್ತೇನೆ.

ಇಲ್ಲಿಯವರೆಗೆ ಇಪ್ಪತ್ತರ ಆಸುಪಾಸು ಮಾಡಿರಬೇಕು. ಸಕ್ಕರೆ ಹತೋಟಿಗೆ ಬಾರದ ಒಬ್ಬರದ್ದು ಬಿಟ್ಟರೆ ಎಲ್ಲ ನಾಲ್ಕೈದು ತಿಂಗಳಲ್ಲಿ ಕೂಡಿವೆ. ಒಂದಿಬ್ಬರಿಗೆ ಕಾಲಿನ ಹೆಬ್ಬೆರಳು ಎತ್ತಲು ಕೆಲವು ವಾರ ಕಷ್ಟವಾಯಿತು, ಆಮೇಲೆ ಸರಿಹೋಯಿತು. ಇದನ್ನು ಮಾತ್ರ ಆಪರೇಷನ್‌ಗೆ ಮೊದಲೇ ಹೇಳಿಬಿಡಿ, ಆಮೇಲೆ ಹೇಳಿದರೆ ಜಗಳಕ್ಕೆ ಬರುತ್ತಾರೆ.