ಹಳೇ ಕಾರು ಓಡಿಸಲು ಯಾವ ಬಾಡಿ? ಫೋಟೊ ಪಕ್ಕಕ್ಕಿಟ್ಟು ಸೀಟಿನಲ್ಲಿ ಕೂತು ನೋಡಿ

ಹಳೇ ಕಾರಿನ ಹುಚ್ಚು ಹಿಡಿದವರು ಮೊದಲು ಕೇಳುವುದು ಕಂಪನಿ ಹೆಸರು. ಫೋರ್ಡಾ, ಆಸ್ಟಿನ್ನಾ, ಡಾಡ್ಜಾ? ಆಮೇಲೆ ವರ್ಷ. ಬಾಡಿ ಯಾವುದು ಅನ್ನುವ ಪ್ರಶ್ನೆ ಕೊನೆಗೆ ಬರುತ್ತದೆ, ಅದಕ್ಕೂ ಉತ್ತರ ಯಾವುದೋ ಒಂದು ಚೆಂದದ ಫೋಟೊದಿಂದಲೇ ಸಿಗುತ್ತದೆ. ಇಟ್ಟು ನೋಡುವುದಕ್ಕಾದರೆ ಸರಿ. ಓಡಿಸುವುದಕ್ಕಾದರೆ ಲೆಕ್ಕ ಬೇರೆ, ಏಕೆಂದರೆ ಒಂದೇ ಎಂಜಿನ್, ಒಂದೇ ಗೇರ್‌ಬಾಕ್ಸ್ ಇರುವ ಎರಡು ಕಾರುಗಳು ಬಾಡಿ ಬದಲಾದರೆ ಸಾಕು, ಓಡಿಸುವವನಿಗೆ ಎರಡು ಬೇರೆ ಕಾರುಗಳೇ ಆಗುತ್ತವೆ.

ಇದನ್ನು ನಾನು ಕೈ ಸುಟ್ಟುಕೊಂಡೇ ಕಲಿತದ್ದು. ಮೊದಲು ತಗೊಂಡದ್ದು ರೋಡ್‌ಸ್ಟರ್. ಎರಡು ಸೀಟು, ಮಡಚುವ ಹುಡ್, ಹಿಂದಿನ ಪೆಟ್ಟಿಗೆಯ ಮುಚ್ಚಳ ತೆರೆದರೆ ಸಿಗುವ ಡಿಕ್ಕಿ ಸೀಟ್. ಬೀದಿಯಲ್ಲಿ ಹೋದರೆ ಜನ ನಿಂತು ನೋಡುತ್ತಿದ್ದರು. ಆದರೆ ಒಂದು ವರ್ಷದಲ್ಲಿ ಅದನ್ನು ಹೊರಗೆ ತೆಗೆದದ್ದು ಎಣಿಸಿ ಏಳು ಸಲ! ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ. ಫೀಟನ್, ಕೂಪೆ, ಬ್ರೂಮ್, ಲ್ಯಾಂಡೋಲೆ ಇವೆಲ್ಲ ಕುದುರೆಗಾಡಿ ಕಾಲದಿಂದ ಬಂದ ಹೆಸರುಗಳು, ಕಾರು ಕಂಪನಿಗಳು ಅವನ್ನು ತಮಗೆ ತೋಚಿದ ಹಾಗೆ ಬಳಸಿದವು. ಅದಕ್ಕೇ ಹೆಸರು ಬಿಟ್ಟು ಕಾರನ್ನೇ ನೋಡಿ. ಮೇಲ್ಛಾವಣಿ ಮಡಚುತ್ತದಾ? ಬಾಗಿಲಿನ ಗಾಜು ಮೇಲೆ ಕೆಳಗೆ ಇಳಿಯುತ್ತದಾ? ಎಷ್ಟು ಬಾಗಿಲು, ಎಷ್ಟು ಸೀಟು? ಛಾವಣಿ ಮಡಚುತ್ತದೆ, ಪಕ್ಕದಲ್ಲಿ ಗಾಜೇ ಇಲ್ಲ, ಇಬ್ಬರಿಗೆ ಜಾಗ ಅಂದರೆ ರೋಡ್‌ಸ್ಟರ್. ಅದೇ ಐದು ಜನರಿಗಾದರೆ ಟೂರಿಂಗ್, ಇಲ್ಲವೇ ಫೀಟನ್. ಛಾವಣಿ ಮಡಚುತ್ತದೆ, ಗಾಜೂ ಏರುತ್ತದೆ ಅಂದರೆ ಕ್ಯಾಬ್ರಿಯೋಲೆ. ಛಾವಣಿ ಗಟ್ಟಿ ಇದ್ದು ಒಂದೇ ಸಾಲು ಸೀಟಿದ್ದರೆ ಕೂಪೆ, ಎರಡು ಸಾಲಿದ್ದರೆ ಸೆಡಾನ್. ಉಳಿದವೆಲ್ಲ ಇವುಗಳ ಮಕ್ಕಳು ಮೊಮ್ಮಕ್ಕಳು.

ನಿಮಗೆ ಯಾವ ಕಾಲದ ಕಾರು ಬೇಕು ಅನ್ನುವುದರ ಮೇಲೆ ಅರ್ಧ ಆಯ್ಕೆ ತಾನಾಗಿಯೇ ಮುಗಿದಿರುತ್ತದೆ. 1919ರಲ್ಲಿ ಅಮೆರಿಕದಲ್ಲಿ ತಯಾರಾದ ಹತ್ತು ಕಾರುಗಳಲ್ಲಿ ಸುಮಾರು ಒಂಬತ್ತು ಓಪನ್ ಬಾಡಿಯವು. ಮುಚ್ಚಿದ ಕಾರು ಆಗ ಶ್ರೀಮಂತರ ವಸ್ತು. ಹಡ್ಸನ್ ಕಂಪನಿಯವರು 1922ರ ಮಾದರಿಯಾಗಿ ಎಸೆಕ್ಸ್ ಕೋಚ್ ಅನ್ನುವ ಎರಡು ಬಾಗಿಲಿನ, ಡಬ್ಬದ ಹಾಗಿದ್ದ ಅಗ್ಗದ ಕಾರು ತಂದ ಮೇಲೆ ಗಾಳಿ ತಿರುಗಿತು. 1927ರ ಹೊತ್ತಿಗೆ ಮುಚ್ಚಿದ ಕಾರುಗಳೇ ನೂರಕ್ಕೆ ಎಂಬತ್ತೈದರಷ್ಟು. ಅಂದರೆ 1915ರ ಆಸುಪಾಸಿನ ಕಾರು ಬೇಕು ಅಂದರೆ ನಿಮಗೆ ಸಿಗುವುದು ಬಹುಪಾಲು ಟೂರಿಂಗ್ ಅಥವಾ ರೋಡ್‌ಸ್ಟರ್. 1930ರ ಕಾರಾದರೆ ಸೆಡಾನ್ ಬೇಕಾದಷ್ಟಿವೆ, ಓಪನ್ ಕಾರು ಹುಡುಕಬೇಕು, ಬೆಲೆಯೂ ಜಾಸ್ತಿ. ಬೆಲೆ ಜಾಸ್ತಿ ಅಂತಲೇ ಸೆಡಾನ್ ಕತ್ತರಿಸಿ ರೋಡ್‌ಸ್ಟರ್ ಮಾಡಿದವರೂ ಇದ್ದಾರೆ, ಹಳೇ ಚಾಸಿಸ್ ಮೇಲೆ ಹೊಸ ಬಾಡಿ ಕೂರಿಸಿದವರೂ ಇದ್ದಾರೆ. ಓಡಿಸುವುದಕ್ಕೆ ಅದರಿಂದ ತೊಂದರೆ ಇಲ್ಲ, ಆದರೆ ಗೊತ್ತಿದ್ದು ತಗೊಳ್ಳಿ.

ಈಗ ಕೂತು ನೋಡುವ ಕೆಲಸ. ಇದಕ್ಕೆ ಎರಡು ನಿಮಿಷ ಸಾಲದು, ಅರ್ಧ ಗಂಟೆ ಬೇಕು. ಓಡಿಸುವಾಗ ಹಾಕುವ ಶೂನಲ್ಲೇ ಹೋಗಿ. ಮೊದಲು ಹತ್ತುವುದು ಹೇಗೆ ಅಂತಲೇ ನೋಡಿ. ಅಮೆರಿಕದಲ್ಲಿ ತಯಾರಾದ ಫೋರ್ಡ್ ಮಾಡೆಲ್ ಟಿ ಟೂರಿಂಗ್ ಕಾರಿನಲ್ಲಿ 1912ರಿಂದ 1925ರವರೆಗೆ ಡ್ರೈವರ್ ಪಕ್ಕ ಬಾಗಿಲಿನ ಗೆರೆ ಇದೆ, ಬಾಗಿಲಿಲ್ಲ! ತಗಡಿನ ಮೇಲೆ ಬಾಗಿಲಿನ ಆಕಾರ ಒತ್ತಿದ್ದಾರೆ ಅಷ್ಟೇ. ಆಚೆ ಕಡೆಯಿಂದ ಹತ್ತಿ, ಸೀಟಿನ ಮೇಲೆ ಜರುಗಿ, ಸ್ಟೇರಿಂಗ್ ಕೆಳಗೆ ಕಾಲು ತೂರಿಸಬೇಕು. ಇನ್ನೊಂದು ಮಜಾ ಇದೆ. ಆ ಟೂರಿಂಗ್‌ನಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಮುಂದಿನ ಸೀಟಿನ ಕೆಳಗೆ. ಪೆಟ್ರೋಲ್ ಎಷ್ಟಿದೆ ನೋಡಬೇಕಾದರೆ ಮುಂದೆ ಕೂತವರೆಲ್ಲ ಇಳಿಯಬೇಕು, ದಿಂಬು ಎತ್ತಬೇಕು, ಮುಚ್ಚಳ ತೆಗೆದು ಕೋಲು ಅದ್ದಬೇಕು. ಪಂಪ್ ಇಲ್ಲ, ಪೆಟ್ರೋಲ್ ಸುಮ್ನೆ ತಾನಾಗಿ ಇಳಿದು ಎಂಜಿನ್‌ಗೆ ಹೋಗಬೇಕು, ಅದಕ್ಕೇ ಟ್ಯಾಂಕ್ ಅರ್ಧ ಖಾಲಿ ಇದ್ದಾಗ ಕಡಿದಾದ ಏರು ಬಂದರೆ ಜನ ರಿವರ್ಸ್ ಹಾಕಿಕೊಂಡು ಹಿಂದುಹಿಂದಾಗಿ ಹತ್ತುತ್ತಿದ್ದರು. ಇದೆಲ್ಲ ನಿಮಗೆ ಖುಷಿ ಅನ್ನಿಸಿದರೆ ಮಾಡೆಲ್ ಟಿ ನಿಮ್ಮದೇ. ಕಿರಿಕಿರಿ ಅನ್ನಿಸಿದರೆ ಮುಂದಿನ ಪೀಳಿಗೆಗೆ ಬನ್ನಿ.

ಕೂತ ಮೇಲೆ ಕ್ಲಚ್ ಪೂರ್ತಿ ಒತ್ತಿ ಬಿಡಿ, ಹತ್ತು ಸಲ. ಮಂಡಿ ಸ್ಟೇರಿಂಗ್‌ಗೆ ತಾಗುತ್ತದಾ? ಆ ಕಾಲದ ಸ್ಟೇರಿಂಗ್ ದೊಡ್ಡದು, ಸೀಟು ಎಷ್ಟೋ ಕಾರುಗಳಲ್ಲಿ ಹಿಂದೆ ಮುಂದೆ ಜರುಗುವುದಿಲ್ಲ. ಕುತ್ತಿಗೆ ತಿರುಗಿಸಿ ಹಿಂದೆ ನೋಡಿ. ಕೂಪೆಯ ಹಿಂದಿನ ಕಿಟಕಿ ಅಂಚೆಪೆಟ್ಟಿಗೆಯ ಬಾಯಿಯಷ್ಟು. ರೋಡ್‌ಸ್ಟರ್ ಹುಡ್ ಹಾಕಿದಾಗ ಅದಕ್ಕಿಂತ ಕಷ್ಟ, ಹಿಂದಿನ ಎರಡೂ ಮೂಲೆ ಕುರುಡು. ಸಿಗ್ನಲ್ ಲೈಟ್ ಇಲ್ಲದ ಕಾರಾದರೆ ಕೈ ಹೊರಗೆ ಚಾಚಿ ನೋಡಿ. ಓಪನ್ ಕಾರಿನಲ್ಲಿ ಕೈ ಎಲ್ಲರಿಗೂ ಕಾಣುತ್ತದೆ, ಸೆಡಾನ್‌ನಲ್ಲಿ ಮೊದಲು ಗಾಜು ಇಳಿಸಬೇಕು.

ಹುಡ್ ವಿಷಯಕ್ಕೆ ಬರೋಣ, ಏಕೆಂದರೆ ನನ್ನ ಏಳು ಸಲದ ಕಥೆಯ ಅರ್ಧ ಅಲ್ಲೇ ಇದೆ. ಓಪನ್ ಕಾರಿನ ಫೋಟೊದಲ್ಲಿ ಹುಡ್ ಯಾವಾಗಲೂ ಮಡಚಿರುತ್ತದೆ. ಮಳೆ ಬಂದಾಗ ಅದನ್ನು ಎತ್ತಬೇಕು. ಎತ್ತಿದರೆ ಮುಗಿಯಲಿಲ್ಲ, ಪಕ್ಕದಿಂದ ನೀರು ಹೊಡೆಯುತ್ತದೆ, ಅದಕ್ಕೆ ಸೈಡ್ ಕರ್ಟನ್ ಹಾಕಬೇಕು. ಅವು ಬಟ್ಟೆಯ ಪರದೆ, ನಡುವೆ ಸೆಲ್ಯುಲಾಯ್ಡ್ ಕಿಟಕಿ. ಸೀಟಿನ ಕೆಳಗಿಂದ ಸುರುಳಿ ತೆಗೆದು, ಎಡದ್ದು ಯಾವುದು, ಬಲದ್ದು ಯಾವುದು, ಮುಂದಿನದು ಯಾವುದು ಅಂತ ಹುಡುಕಿ, ಒಂದೊಂದೇ ಗುಂಡಿ ತಿರುಗಿಸಿ ಸಿಕ್ಕಿಸಬೇಕು. ನಾನು ಮೊದಲ ಸಲ ಪೂರ್ತಿ ಹಾಕಿ ಮುಗಿಸಿದಾಗ ಮಳೆ ನಿಂತಿತ್ತು, ನಾನು ಪೂರ್ತಿ ನೆಂದಿದ್ದೆ. ಮೇಲಾಗಿ ಸೆಲ್ಯುಲಾಯ್ಡ್ ಹಳದಿಯಾಗಿ, ಮಡಚಿದ ಕಡೆ ಸೀಳಿ, ಅದರ ಆಚೆ ಕಾಣುವುದು ರಸ್ತೆಯೋ ಚಹಾ ಸೋಸಿದ ಬಟ್ಟೆಯೋ ಗೊತ್ತಾಗುವುದಿಲ್ಲ. ಮಳೆ, ಬಿಸಿಲು ಎರಡೂ ಜಾಸ್ತಿ ಇರುವ ಕಡೆ ಇರುವವರು ಇದನ್ನು ಸರಿಯಾಗಿ ಯೋಚಿಸಿ. ಓಪನ್ ಬೇಕೇ ಬೇಕು ಅಂದರೆ ಗಾಜು ಏರುವ ಕ್ಯಾಬ್ರಿಯೋಲೆ ಹುಡುಕಿ. ತೂಕ ಸ್ವಲ್ಪ ಜಾಸ್ತಿ, ನೋಟ ಸ್ವಲ್ಪ ಕಡಿಮೆ, ಆದರೆ ಹೊರಡುವ ಮುಂಚೆ ಆಕಾಶ ನೋಡುವ ಕೆಲಸ ಇಲ್ಲ.

ಇನ್ನರ್ಧ ಕಥೆ ಡಿಕ್ಕಿ ಸೀಟಿನದು. ಕಾರಿನ ಹಿಂದಿನ ಪೆಟ್ಟಿಗೆಗೆ ನಾವು ಇವತ್ತಿಗೂ ಡಿಕ್ಕಿ ಅಂತೇವಲ್ಲ, ಆ ಮಾತು ಬಂದದ್ದೇ ಈ ಸೀಟಿನಿಂದ. ಬಂಪರ್ ಮೇಲೆ ಒಂದು ಕಾಲು, ಮಡ್‌ಗಾರ್ಡ್ ಮೇಲಿನ ಸಣ್ಣ ಮೆಟ್ಟಿಲ ಮೇಲೆ ಇನ್ನೊಂದು ಕಾಲು ಇಟ್ಟು ಹತ್ತಿ ಇಳಿಯಬೇಕು. ಸೀರೆ ಉಟ್ಟವರಿಗೂ ವಯಸ್ಸಾದವರಿಗೂ ಆಗದ ಮಾತು. ಕೂತವರಿಗೆ ಹುಡ್ ಇಲ್ಲ, ಗಾಳಿ ಧೂಳು ಎಲ್ಲ ಅವರಿಗೇ, ಮತ್ತೆ ಮುಂದೆ ಕೂತವರ ಒಂದು ಮಾತೂ ಕೇಳಿಸುವುದಿಲ್ಲ. ನನ್ನ ಹೆಂಡತಿ ಮುಂದೆ, ಮಕ್ಕಳಿಬ್ಬರು ಹಿಂದೆ ಕೂತು ಒಂದು ಸಲ ಹೋದೆವು. ವಾಪಸ್ ಬಂದ ಮೇಲೆ ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ: ‘ಮುಂದಿನ ಸಲ ನಾವು ಮನೇಲೇ ಇರಬಹುದಾ?’ ಆದ್ದರಿಂದ ನಿಮ್ಮ ಜತೆ ಯಾರು ಬರುತ್ತಾರೆ ಅಂತ ನಿಜವಾಗಿ ಎಣಿಸಿ. ಒಬ್ಬರೇ ಅಥವಾ ಇಬ್ಬರೇ ಆದರೆ ಕೂಪೆ, ರೋಡ್‌ಸ್ಟರ್ ಎರಡೂ ಸೊಗಸು. ಮೂರನೆಯವರು ಪ್ರತಿ ಸಲ ಬರುವುದಾದರೆ ಎರಡು ಸಾಲು ಸೀಟು ಬೇಕು, ಅದರಲ್ಲಿ ಮಾತೇ ಇಲ್ಲ.

ಮುಚ್ಚಿದ ಕಾರಿಗೂ ಅದರದೇ ಕಾಟ ಇದೆ. ಎಂಜಿನ್ ಶಾಖ ಕಾಲಡಿಯ ಹಲಗೆಯ ಸಂದಿಯಿಂದ ನೇರ ಒಳಗೆ ಬರುತ್ತದೆ. ದೊಡ್ಡ ತಗಡಿನ ಬಾಡಿ ಒಂದು ವೇಗದಲ್ಲಿ ಡೋಲಿನ ಹಾಗೆ ಗುಂಯ್‌ಗುಡುತ್ತದೆ, ಅದು ಹೊರಗಿಂದ ಕೇಳಿದರೆ ಗೊತ್ತಾಗುವುದಿಲ್ಲ, ಒಳಗೆ ಕೂತು ಹೋಗಬೇಕು. ಗಾಳಿಗೆ ಮಾತ್ರ ಕಾರು ತಯಾರಿಸಿದವರು ಚೆನ್ನಾಗಿ ಯೋಚಿಸಿದ್ದರು. ಮಾಡೆಲ್ ಟಿ ಆದ ಮೇಲೆ ಫೋರ್ಡ್ ತಂದ ಮಾಡೆಲ್ ಎ ಸೆಡಾನ್‌ನಲ್ಲಿ ಮುಂದಿನ ಗಾಜು ಕೆಳಗಿಂದ ಹೊರಕ್ಕೆ ತೆರೆದುಕೊಳ್ಳುತ್ತದೆ, ಎರಡು ಬೆರಳಷ್ಟು ತೆಗೆದರೂ ಮುಖಕ್ಕೆ ತಂಪು. ತೂಕವೂ ಲೆಕ್ಕಕ್ಕೆ ಬರುತ್ತದೆ. ಮಾಡೆಲ್ ಎ ಎಂಜಿನ್ 40 ಹಾರ್ಸ್‌ಪವರ್, ರೋಡ್‌ಸ್ಟರ್‌ಗೂ ನಾಲ್ಕು ಬಾಗಿಲಿನ ಸೆಡಾನ್‌ಗೂ ನೂರು ಕಿಲೋ ಮೇಲೆ ವ್ಯತ್ಯಾಸ. ಏರಿನಲ್ಲಿ ಒಂದು ಗೇರ್ ಬೇಗ ಇಳಿಸಬೇಕಾಗುತ್ತದೆ, ಆ ಗೇರ್‌ಬಾಕ್ಸ್‌ಗೆ ಗೇರ್ ಸಲೀಸಾಗಿ ಕೂರಿಸುವ ಸಿಂಕ್ರೊಮೆಶ್ ಇಲ್ಲ, ಪ್ರತಿ ಸಲ ಕ್ಲಚ್ ಎರಡೆರಡು ಸಲ ಒತ್ತಬೇಕು. ಮಾಡೆಲ್ ಟಿ ಆದರೆ ಇರುವುದೇ 20 ಹಾರ್ಸ್‌ಪವರ್, ಅದರ ಮೇಲೆ ಭಾರದ ಸೆಡಾನ್ ಬಾಡಿ ಹೊರಿಸಿದರೆ ಎತ್ತಿಗೆ ಲಾರಿ ಕಟ್ಟಿದ ಹಾಗೆ. ಸಣ್ಣ ಎಂಜಿನ್‌ಗೆ ಓಪನ್ ಬಾಡಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಮನಸ್ಸು ಒಂದು ಕಡೆ ನಿಂತಿತು ಅಂತಿಟ್ಟುಕೊಳ್ಳಿ, ಈಗ ಮರ ನೋಡಬೇಕು. ಹೌದು, ಮರ! ಆ ಕಾಲದ ಬಹಳಷ್ಟು ಬಾಡಿಗಳು ಒಳಗೆ ಮರದ ಚೌಕಟ್ಟು, ಮೇಲೆ ತಗಡಿನ ಹೊದಿಕೆ. ಡಾಡ್ಜ್ ಬ್ರದರ್ಸ್‌ನವರು 1914ರಲ್ಲೇ ಬಡ್ ಕಂಪನಿಯ ಪೂರ್ತಿ ಉಕ್ಕಿನ ಬಾಡಿ ಹಾಕಿದರು, ಆದರೆ ಎಲ್ಲರೂ ಆ ದಾರಿಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಮುಚ್ಚಿದ ಕಾರಿನಲ್ಲಿ ಮರ ಜಾಸ್ತಿ, ಆದ್ದರಿಂದ ಒಳಗೆ ಕೊಳೆಯುವುದೂ ಜಾಸ್ತಿ, ರಿಪೇರಿಗೆ ಇಡೀ ತಗಡು ಬಿಚ್ಚಬೇಕು. ಪರೀಕ್ಷೆ ಸುಲಭ. ಡ್ರೈವರ್ ಬಾಗಿಲನ್ನು ಮೆಲ್ಲಗೆ ತೆಗೆಯಿರಿ. ಲಾಕ್ ಬಿಟ್ಟ ತಕ್ಷಣ ಬಾಗಿಲು ಕೆಳಕ್ಕೆ ಜಗ್ಗುತ್ತದಾ? ಅರ್ಧ ತೆಗೆದು, ಅಂಚು ಹಿಡಿದು ಮೇಲಕ್ಕೆ ಎತ್ತಿ ನೋಡಿ, ಕಣ್ಣು ಕೀಲಿನ ಕಡೆ ಇರಲಿ. ಕೀಲಿನ ಪಿನ್ನು ಮಾತ್ರ ಅಲ್ಲಾಡಿದರೆ ಸಣ್ಣ ಕೆಲಸ. ಕೀಲು ಕೂತಿರುವ ಕಂಬವೇ ಅಲ್ಲಾಡಿದರೆ ಒಳಗೆ ಮರ ಹಿಟ್ಟಾಗಿದೆ. ಆಮೇಲೆ ತಲೆ ಎತ್ತಿ ಒಳಗಿನ ಛಾವಣಿ ಬಟ್ಟೆ ನೋಡಿ. 1930ರ ದಶಕದ ನಡುವಿನವರೆಗೆ ಹೆಚ್ಚಿನ ಸೆಡಾನ್‌ಗಳ ಛಾವಣಿಯ ಮಧ್ಯಭಾಗ ತಗಡಲ್ಲ, ಮರದ ಪಟ್ಟಿ ಮೇಲೆ ಹೊದಿಸಿದ ಬಟ್ಟೆ. ಜನರಲ್ ಮೋಟಾರ್ಸ್ 1935ರ ಮಾದರಿಗಳಲ್ಲಿ ಒಂದೇ ತಗಡಿನ ಛಾವಣಿ ತಂದ ಮೇಲೆ ಇದು ಬದಲಾಯಿತು. ಮೂಲೆಗಳಲ್ಲಿ ಕಂದು ಕಲೆ ಇದ್ದರೆ ನೀರು ಇಳಿದಿದೆ, ನೀರು ಇಳಿದರೆ ಕಂಬಕ್ಕೂ ಹೋಗಿದೆ. ಹೊರಗೆ ಪೇಂಟ್ ಎಷ್ಟೇ ಫಳಫಳ ಅಂದರೂ ಮರುಳಾಗಬೇಡಿ.

ಗಾಜು ಮರೆಯಬೇಡಿ. ಮಾಡೆಲ್ ಎ ಮುಂದಿನ ಗಾಜು ಒಡೆದರೂ ಚೂರಾಗಿ ಉದುರದ ಲ್ಯಾಮಿನೇಟೆಡ್ ಗಾಜು, ಆದರೆ ಅದಕ್ಕಿಂತ ಹಳೇ ಕಾರುಗಳಲ್ಲಿ ಇದ್ದದ್ದು ಮಾಮೂಲಿ ಗಾಜು. ಮುಚ್ಚಿದ ಕಾರೆಂದರೆ ಸುತ್ತ ಅಂಥ ಗಾಜು. ಓಡಿಸುವುದಾದರೆ ಎಲ್ಲವನ್ನೂ ಲ್ಯಾಮಿನೇಟೆಡ್‌ಗೆ ಬದಲಿಸಿ. ಸೀಟ್ ಬೆಲ್ಟನ್ನು ಮರಕ್ಕೆ ಬಿಗಿದು ನಿಶ್ಚಿಂತೆಯಿಂದ ಇರಬೇಡಿ, ಅದು ಚಾಸಿಸ್‌ಗೇ ಬಿಗಿಯಬೇಕು. ಹಿಂದಿನ ಅಂಚಿನಲ್ಲಿ ಕೀಲಿರುವ ಬಾಗಿಲು ಓಡುವಾಗ ತೆರೆದರೆ ಗಾಳಿ ಅದನ್ನು ಕಿತ್ತೆಸೆಯುವ ಹಾಗೆ ಎಳೆಯುತ್ತದೆ, ಮಕ್ಕಳು ಪಕ್ಕದಲ್ಲಿದ್ದರೆ ಹುಷಾರು.

ಇನ್ನು ಕೆಲವಕ್ಕೆ ಒಂದೊಂದು ಮಾತು ಸಾಕು. ಮರ್ಸರ್ ರೇಸ್‌ಅಬೌಟ್ ಥರದ ಸ್ಪೀಡ್‌ಸ್ಟರ್‌ಗಳಲ್ಲಿ ಬಾಗಿಲೂ ಇಲ್ಲ, ಛಾವಣಿಯೂ ಇಲ್ಲ, ಹುಳ ಕಣ್ಣಿಗೆ ಹೊಡೆಯುತ್ತದೆ, ಮೊದಲ ಕಾರಾಗಿ ಬೇಡ. ಮರದ ಬಾಡಿಯ ಸ್ಟೇಷನ್ ವ್ಯಾಗನ್ ಅಂದರೆ ಚಕ್ರ ಇರುವ ಪೀಠೋಪಕರಣ, ವಾರ್ನಿಶ್ ಹಚ್ಚುವ ಕೆಲಸ ಇಷ್ಟವಿದ್ದವರಿಗೆ ಮಾತ್ರ. ನಿಲ್ಲಿಸಲು ಜಾಗ ಕಡಿಮೆ ಇದ್ದರೆ 747 ಸಿಸಿಯ ಆಸ್ಟಿನ್ ಸೆವೆನ್ ನೋಡಿ, ಅದರ ‘ಚಮ್ಮಿ’ ಅನ್ನುವ ಪುಟ್ಟ ಟೂರರ್ ಭಾರೀ ಮುದ್ದು, ಹಿಂದಿನ ಸೀಟು ಮಾತ್ರ ಮಕ್ಕಳಿಗೇ. ಇನ್ನು, 25 ವರ್ಷ ದಾಟಿದರೆ ಆಂಟಿಕ್ ಅನ್ನುವ ಅಮೆರಿಕದ ಕ್ಲಬ್ಬಿನ ಲೆಕ್ಕ ಹಿಡಿದರೆ 1949ರಲ್ಲಿ ಬ್ಯೂಕ್, ಕ್ಯಾಡಿಲಾಕ್‌ನವರು ತಂದ ಹಾರ್ಡ್‌ಟಾಪ್‌ಗಳೂ ಪಟ್ಟಿಗೆ ಸೇರುತ್ತವೆ. ನಡುವೆ ಕಂಬ ಇಲ್ಲ, ನಾಲ್ಕೂ ಗಾಜು ಇಳಿಸಿದರೆ ಓಪನ್ ಕಾರಿನ ಗಾಳಿ, ತಲೆ ಮೇಲೆ ತಗಡು. ಗಾಜಿನ ಅಂಚಿನ ರಬ್ಬರ್ ಮಾತ್ರ ಒಣಗಿರಬಾರದು.

ನಾನು ಏನು ಮಾಡಿದೆ? ರೋಡ್‌ಸ್ಟರ್ ಕೊಟ್ಟು ಎರಡು ಬಾಗಿಲಿನ ಸೆಡಾನ್ ತಂದೆ. ಫೋಟೊಗೆ ಚೆನ್ನಾಗಿ ಬರುವುದಿಲ್ಲ, ಆದರೆ ಹೆಚ್ಚೂಕಡಿಮೆ ಪ್ರತಿ ವಾರ ಹೊರಗೆ ಬರುತ್ತದೆ, ಮಕ್ಕಳೂ ಬರುತ್ತಾರೆ. ಮನಸ್ಸು ಮಾತ್ರ ಟೂರಿಂಗ್ ಮೇಲೇ ಇದೆ ಅಂತ ಒಪ್ಪಿಕೊಂಡುಬಿಡುತ್ತೇನೆ, ಗೆಳೆಯರೊಬ್ಬರದು ಸಿಕ್ಕಿದಾಗಲೆಲ್ಲ ಓಡಿಸುತ್ತೇನೆ. ಐದು ಜನ ಒಂದೇ ಗಾಳಿಯಲ್ಲಿ ಕೂತು ಕೂಗಿ ಮಾತಾಡುತ್ತ ಹೋಗುವ ಖುಷಿ ಬೇರೆ ಯಾವ ಬಾಡಿಯಲ್ಲೂ ಇಲ್ಲ. ಮಳೆ ಕಡಿಮೆ ಇರುವ ಕಡೆ ಇದ್ದಿದ್ದರೆ ಅದನ್ನೇ ತಗೊಳ್ಳುತ್ತಿದ್ದೆ.

ನೀವು ಓಪನ್ ಕಾರು ನೋಡಲು ಹೋದರೆ ಒಂದು ಕೆಲಸ ಮಾಡಿ. ಮಾರುವವರ ಹತ್ತಿರ ‘ಹುಡ್ ಎತ್ತಿ ತೋರಿಸಿ, ಕರ್ಟನ್ ಎಲ್ಲ ಹಾಕಿ’ ಅನ್ನಿ. ‘ನಾವು ಯಾವತ್ತೂ ಎತ್ತೇ ಇಲ್ಲ ಸರ್, ಬಟ್ಟೆ ಹಾಳಾಗುತ್ತದೆ’ ಅಂದರೆ ಆ ಕಾರಿಗೆ ಹುಡ್ ಇಲ್ಲ ಅಂತಲೇ ತಿಳಿದು ಬೆಲೆ ಮಾತಾಡಿ.